ಉಮ್ಮ್ ವಜ್ದಿಯ ಗೋಡೆಯ ಫೋಟೋ

ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಫೋಟೋ ಇರಲಿಲ್ಲ.

ಉಮ್ಮ್ ವಜ್ದಿ ಚೀರಿದ್ದು ಬೀದಿಯಾಚೆಯ ನನ್ನ ಕ್ಷೌರದಂಗಡಿಗೂ ಕೇಳಿಸಿತು. ಅಂತರ್ಯುದ್ಧದ ಕಾಲದಲ್ಲಿ ಮನೆಯಿಂದ ಹೊರಟ ಅವಳ ಮಗ ವಜ್ದಿ ಮೂವತ್ತೆಂಟು ವರ್ಷವಾದರೂ ಹಿಂತಿರುಗಿಲ್ಲ. ಅವನದೆಂದು ಉಳಿದದ್ದು ಆ ಒಂದೇ ಫೋಟೋ. ಕಾಣೆಯಾದವರನ್ನು ಹುಡುಕುವ ಸಮಿತಿಯವರು ನಾಳೆ ಬೈರೂತಿನಿಂದ ಬಂದು ಅದರ ಪ್ರತಿ ತೆಗೆಯುವವರಿದ್ದರು. ಮುದುಕಿಗೆ ಅದೇ ಕೊನೆಯ ಆಸೆ.

ಬಾಗಿಲು ಮುರಿದಿರಲಿಲ್ಲ. ಮಗ ಬಂದುಬಿಟ್ಟರೆ ಎಂದು ಆಕೆ ಚಿಲಕ ಹಾಕುವುದೇ ಇಲ್ಲ. ಅಂದರೆ ಊರಿಗೆ ಊರೇ ಕಳ್ಳರು! ನನಗಂತೂ ಅರವತ್ತರ ಆಸುಪಾಸಿನ ಯಾರ ಗಡ್ಡ ಹೆರೆಯುವಾಗಲೂ, ಯುದ್ಧದಲ್ಲಿ ಈತ ಏನೇನು ಮಾಡಿದ್ದನೋ ಎಂಬ ಗುಮಾನಿ ತಪ್ಪಿದ್ದಲ್ಲ.

ನೆರೆಯವರು ಬಂದು ಗೋಡೆಗುಂಟ ಕುರ್ಚಿ ಹಾಕಿಕೊಂಡು ಕೂತರು. ಟ್ಯಾಕ್ಸಿ ಓಡಿಸುವ ಶಾಹೀನ್ ಎಲ್ಲರಿಗೂ ಕಾಫಿ ಮಾಡಿ ತಂದ. ದಿನಾ ಮುದುಕಿಗೆ ಕಾಫಿ ಕಾಸಿಕೊಡುವವನು, ಭಾನುವಾರ ಚರ್ಚಿಗೆ ಕರೆದೊಯ್ಯುವವನು ಅವನೇ. ಗಡಿಬಿಡಿಯಲ್ಲಿ ಸಕ್ಕರೆ ಮರೆತಿದ್ದ.

ಲಮಿಯಾ ಟೀಚರ್ ಬಂದರು. ಊರಿನ ಎರಡೂ ಪಂಗಡದ ಬಂದೂಕಿನವರಿಗೆ ಅಕ್ಷರ ಕಲಿಸಿದವರು. ಕಳ್ಳತನವಾದರೆ ನಾವು ಪೊಲೀಸರಿಗಿಂತ ಮೊದಲು ಕರೆಯುವುದು ಅವರನ್ನೇ.

"ಯಾರ ಮೇಲೆ ಅನುಮಾನ?"

ಎಲ್ಲರ ಕಣ್ಣೂ ರೊಟ್ಟಿ ಅಂಗಡಿಯ ತನ್ನೂಸ್ ಮೇಲೆ ಹೋಯಿತು. ಯುದ್ಧದಲ್ಲಿ ಸೇತುವೆ ಬಳಿ ಗಾಡಿ ತಡೆಯುತ್ತಿದ್ದವನು.

"ಏನೇ ಆದ್ರೂ ತನ್ನೂಸೇ!" ಅವನು ಸಿಡಿದ. "ಬಂದೂಕು ಹಿಡಿದಿದ್ದು ನಾನೊಬ್ಬನೇನಾ? ಮಿಕ್ಕೋರೆಲ್ಲ ಹೂವಿನ ಹಾರ ಹಿಡ್ಕೊಂಡಿದ್ರಾ?"

"ರಾತ್ರಿ ಎಲ್ಲಿದ್ದೆ?"

"ಹಿಟ್ಟು ನಾದ್ತಿದ್ದೆ. ಕೈ ನೋಡಿ ಟೀಚರ್."

"ಕೈ ತೊಳ್ಕೊಂಡು ಬಾ ಅಂತ ಆಗ್ಲೂ ಹೇಳ್ತಿದ್ದೆ ನಿಂಗೆ."

ಟೀಚರ್ ಕಾಫಿ ಗುಟುಕರಿಸಿದರು. ಮತ್ತೊಂದು ಗುಟುಕು.

"ಶಾಹೀನ್, ಇದು ನೀನು ಮಾಡಿದ್ದಾ?"

"ಹೌದು ಟೀಚರ್. ಸಕ್ಕರೆ ಮರೆತುಹೋಯ್ತು."

"ಏಲಕ್ಕಿ ಮರೀಲಿಲ್ಲ?—ತನ್ನೂಸ್, ಸಕ್ಕರೆ ಇಲ್ಲದ ಕಾಫಿ ನಾವು ಎಲ್ಲಿ ಕೊಡ್ತೀವಿ?"

"ಸಾವಿನ ಮನೇಲಿ," ಎಂದ ತನ್ನೂಸ್ ಮೆಲ್ಲಗೆ. ಟೀಚರ್ ಶಾಹೀನನತ್ತ ತಿರುಗಿದರು.

"ಈ ಮನೇಲಿ ಇದುವರೆಗೆ ಯಾರೂ ಕೊಟ್ಟಿಲ್ಲ. ಇವಳು ಸೂತಕದ ಕಪ್ಪು ಬಟ್ಟೆ ಕೂಡ ಉಟ್ಟಿಲ್ಲ. ನಮಗೆಲ್ಲ ಕಳೆದದ್ದು ಒಂದು ಫೋಟೋ. ಜನ ಸಾಲಾಗಿ ಕೂತಿದ್ದು ಕಂಡಾಗ, ಇಲ್ಲಿ ಸಾವಾಗಿದೆ ಅಂತ ನಿನ್ನ ಕೈಯೊಂದಕ್ಕೇ ಗೊತ್ತಿತ್ತು. ಫೋಟೋ ಎಲ್ಲಿ ಶಾಹೀನ್?"

ಶಾಹೀನನ ಕಣ್ಣು ಹೊರಗೆ ನಿಂತಿದ್ದ ಟ್ಯಾಕ್ಸಿಯತ್ತ ಹೊರಳಿತು. ನಾನೇ ಓಡಿದೆ. ಸೀಟಿನ ಅಡಿಯಲ್ಲಿತ್ತು.

ಟೀಚರ್ ಚೌಕಟ್ಟು ಬಿಚ್ಚಿದರು. ಫೋಟೋದ ಒಂದು ಅಂಚು ಹಿಂದಕ್ಕೆ ಮಡಚಲಾಗಿತ್ತು. ಬಿಡಿಸಿದರೆ—ಬಂದೂಕು ನೇತುಹಾಕಿಕೊಂಡು, ವಜ್ದಿಯ ಹೆಗಲ ಮೇಲೆ ಕೈಯಿಟ್ಟು ನಿಂತ ಇಪ್ಪತ್ತರ ಶಾಹೀನ್!

"ಫೋಟೋ ತಂದ್ಕೊಟ್ಟೋನೂ ನೀನೇ, ಚೌಕಟ್ಟು ಹಾಕಿಸಿದೋನೂ ನೀನೇ. ನಾಳೆ ಸಮಿತಿಯೋರು ಬಿಚ್ತಾರೆ ಅಂತ ಹೆದರಿದೆ."

"ಚಿಕ್ಕಮ್ಮ..." ಶಾಹೀನ್ ಮುದುಕಿಯ ಮುಂದೆ ನೆಲ ನೋಡುತ್ತ ಹೇಳಿದ. "ಸ್ನೇಹಿತ ಅಂತ ನಂಬಿ ವಜ್ದಿ ನನ್ನ ಜೊತೆ ಬಂದ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ವಾರ ವಾರವೂ ಅದೇ ಕೆನ್ನೆಗೆ ಸೋಪು ಹಚ್ಚಿದವನು ನಾನು.

ಉಮ್ಮ್ ವಜ್ದಿ ಅಳಲಿಲ್ಲ.

"ಎಲ್ಲಿ?"

"ಚರ್ಚಿನ ದಾರೀಲಿ. ತಿರುವಿನ ಕೆಳಗೆ, ಅಂಜೂರದ ಮರದ ಹತ್ರ ಹೂತಿದ್ದು."

ಪ್ರತಿ ಭಾನುವಾರ ಅವಳನ್ನು ಕೂರಿಸಿಕೊಂಡು ಅವನು ಆ ತಿರುವು ದಾಟುತ್ತಿದ್ದ. ಆಕೆ ಗೋಡೆ ಹಿಡಿದು ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು.

"ಏಳು, ಗಾಡಿ ತೆಗಿ," ಎಂದಳು. "ಇವತ್ತು ಅಲ್ಲಿ ನಿಲ್ಸು."