ಶಿವಮೊಗ್ಗದ ಮೂರನೇ ಪುಟ

"ಯಾವ ಪಕ್ಷದ ಸಂಬಳ ನಿಮಗೆ?"

ಭದ್ರಾವತಿಯ ಕಾರ್ಖಾನೆ ಗೇಟಿನೆದುರು, ಶಾಮಿಯಾನದಡಿ ಚಹಾ ಕುಡಿಯುತ್ತಿದ್ದ ವರದಿಗಾರ ದುಶ್ಯಂತ್ ತಲೆಯೆತ್ತಿದ. ಎದುರಿಗೆ ಸಮತಾ. ಕೈಯಲ್ಲಿ ಅವನದೇ ಪತ್ರಿಕೆ, ಹೊಡೆಯಲೆಂದೇ ಸುರುಳಿ ಸುತ್ತಿದಂತಿತ್ತು.

ಕೆಲಸದಿಂದ ತೆಗೆದ ಗುತ್ತಿಗೆ ಕಾರ್ಮಿಕರು ಅಲ್ಲಿ ಧರಣಿ ಕೂತಿದ್ದರು. ಅವರಲ್ಲಿ ಅವಳ ತಂದೆ ಉಜ್ಜನಪ್ಪನವರೂ ಒಬ್ಬರು. ಅವಳು ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಅಲ್ಲಿಗೆ ಬರುವ ಪತ್ರಿಕೆಯ ಮೂರನೇ ಪುಟದಲ್ಲಿ ದಿನವೂ ಮಂತ್ರಿಗಳು ಟೇಪು ಕತ್ತರಿಸುತ್ತಿದ್ದರು. ಧರಣಿಯ ಬಗ್ಗೆ ಒಂದು ಸಾಲೂ ಇಲ್ಲ.

ಉಜ್ಜನಪ್ಪನವರು ಮುಜುಗರದಿಂದ ಅಂದಿನ ಪತ್ರಿಕೆಯನ್ನು ಮಗಳ ಮುಂದೆ ಬಿಡಿಸಿದರು. ಭದ್ರಾವತಿಗೆ ಬರುವ ಪ್ರತಿಯಲ್ಲಿ ಮೂರನೇ ಪುಟವೇ ಬೇರೆ. ಅರ್ಧ ಪುಟ ಧರಣಿ, ನಡುವೆ ಅಪ್ಪನ ಫೋಟೊ. ಇದನ್ನು ನೋಡಿಯೇ ಇಲ್ಲಿನ ಆಳುವ ಪಕ್ಷದವರು ದುಶ್ಯಂತನನ್ನು ವಿರೋಧ ಪಕ್ಷದ ಏಜೆಂಟ್ ಎನ್ನುತ್ತಿದ್ದರು. ಒಂದೇ ಪತ್ರಿಕೆ, ಎರಡು ಊರು, ಎರಡು ಬೈಗುಳ.

ಇನ್ನು ಕ್ಷಮೆ ಕೇಳುತ್ತಾಳೆ ಎಂದುಕೊಂಡ ಅವನು. ಅವಳನ್ನು ಬಲ್ಲವರಾರೂ ಹಾಗೆ ಅಂದುಕೊಳ್ಳುತ್ತಿರಲಿಲ್ಲ.

"ಕೆಲಸ ಹೋಗಿದ್ದು ಭದ್ರಾವತಿಯವರಿಗೆ ಗೊತ್ತಿಲ್ವಾ? ಅವರಿಗೇ ಓದಿಸ್ತೀರಲ್ಲ ಮಾರಾಯ್ರೆ. ಅಧಿಕಾರಿಗಳು ಕೂತಿರೋದು ಶಿವಮೊಗ್ಗದಲ್ಲಿ. ಅಲ್ಲಿ ಓದಿಸಿ."

ಪುಟ ಕಟ್ಟುವುದು ಶಿವಮೊಗ್ಗ ಕಚೇರಿಯ ಡೆಸ್ಕಿನವರು, ತಾನಲ್ಲ ಎಂದ. ಹೇಡಿಗಳೆಲ್ಲ ಹೇಳುವುದೇ ಹಾಗೆ ಎಂದಳು.

ಆಮೇಲೆ ಪ್ರತಿ ಬೆಳಿಗ್ಗೆ ಮೂರನೇ ಪುಟ ನೋಡಿ, ಅವನಿಗೆ ಫೋನ್ ಮಾಡಿ ಬೈಯುವುದು ರೂಢಿಯಾಯಿತು. ಈ ಮನುಷ್ಯನಿಗೆ ಬೈದ ದಿನ ಮನಸ್ಸು ಯಾಕಿಷ್ಟು ಹಗುರ... ಎಂದು ಯೋಚಿಸಿ, ಆ ಯೋಚನೆಗೂ ಅವನಿಗೇ ಬೈದಳು.

ಒಂದು ದಿನ ಫೋನ್ ಬರಲಿಲ್ಲ. ದುಶ್ಯಂತನಿಗೆ ತಿಂಡಿ ಸೇರಲಿಲ್ಲ, ಅವನೇ ಫೋನ್ ಮಾಡಿದ.

"ಅಪ್ಪ ಉಪವಾಸ ಕೂತಿದ್ದಾರೆ. ನನಗೆ ಬೈಯೋಕೂ ಶಕ್ತಿ ಇಲ್ಲ ರೀ..."

ಅಂದು ಸಂಜೆ ಅವನು ಶಿವಮೊಗ್ಗದ ಕಚೇರಿಯಲ್ಲಿ ಸಂಪಾದಕರೆದುರು ಕೂತ. ಜಾಹೀರಾತು ಕೊಡುವವರು ಮುನಿಸಿಕೊಳ್ಳುತ್ತಾರೆ ಎಂದರು ಅವರು. ಈ ಸುದ್ದಿ ನಗರದ ಪುಟಕ್ಕೆ ಬೇಡವಾದರೆ ತನ್ನ ಹೆಸರು ಯಾವ ಪುಟಕ್ಕೂ ಬೇಡ ಎಂದ ಇವನು.

ಮರುದಿನ ಕ್ಲಿನಿಕ್ಕಿನ ಪತ್ರಿಕೆಯ ಮೂರನೇ ಪುಟದ ನೆತ್ತಿಯ ಮೇಲೆ ಅಪ್ಪನಿದ್ದರು. ರಕ್ತ ಪರೀಕ್ಷೆಗೆ ಬಂದವರೆಲ್ಲ ಓದುತ್ತಿದ್ದರು. ಮಧ್ಯಾಹ್ನ ಅಧಿಕಾರಿಗಳು ಶಾಮಿಯಾನಕ್ಕೆ ಬಂದು, ಮರಳಿ ಕೆಲಸ ಕೊಡಿಸುವ ಮಾತು ಕೊಟ್ಟು, ಉಜ್ಜನಪ್ಪನವರಿಗೆ ಎಳನೀರು ಕುಡಿಸಿದರು. ಪತ್ರಿಕೆ ದುಶ್ಯಂತನನ್ನು ವರದಿಗಾರಿಕೆಯಿಂದ ತೆಗೆದು ಶ್ರದ್ಧಾಂಜಲಿ ಪುಟದ ಕೆಲಸಕ್ಕೆ ಹಾಕಿತು.

ಸಂಜೆ ಕಚೇರಿಯ ಮೆಟ್ಟಿಲ ಬಳಿ ಸಮತಾ ನಿಂತಿದ್ದಳು.

"ಇವತ್ತೂ ಫೋನ್ ಬರ್ಲಿಲ್ಲ," ಎಂದ.

"ಬೈಯೋಕೆ ಏನೂ ಸಿಗಲಿಲ್ಲ." ಕೈಯಲ್ಲಿದ್ದ ಪತ್ರಿಕೆ ಮಡಚಿದಳು. "ನನ್ನಿಂದ ನಿಮ್ಮ ಕೆಲಸ..."

"ಪರವಾಗಿಲ್ಲ. ಸತ್ತವರು ಯಾವ ಪಕ್ಷ ಅಂತ ಕೇಳಲ್ಲ." ಅವನ ದನಿ ತಗ್ಗಿತು. "ಆದರೆ ನಿಮ್ಮ ಬೈಗುಳ ಇಲ್ದೆ ನನಗೆ ಬೆಳಗೇ ಆಗಲ್ಲ ಮಾರಾಯ್ತಿ."

ಅವಳು ಬೇರೆಲ್ಲೋ ನೋಡಿದಳು. "ಫೋನಲ್ಲಿ ಬೈದು ಸಾಕಾಗಿದೆ. ಇನ್ನು ಎದುರಿಗೇ ಕೂತು ಬೈತೀನಿ. ಬಂದು ಅಪ್ಪನ್ನ ಕೇಳಿ."

"ಏನಂತಾರೋ..."

"ಅವರು ಮೊದಲಿಂದಲೂ ನಿಮ್ಮ ಕಡೆ," ಎಂದಳು. ಕಣ್ಣೊರೆಸಿಕೊಂಡು ನಕ್ಕಳು. "ಪಕ್ಷಪಾತಿ."