ಕೆರೆ ಕಾಣದ ಜಾಗ

"ಮುಟ್ಟಬೇಡ! ಮೌಸ್ ಮುಟ್ಟಿದ್ರೆ ನೋಡು ಮತ್ತೆ!" ಡಾರ್ಕಾ ಕಿರುಚಿದಳು.

"ನಾನೆಲ್ಲಿ ಮುಟ್ಟಿದೆ? ಸುಮ್ನೆ ನೋಡ್ತಿದೀನಪ್ಪ," ಎಂದ ಅಣ್ಣ ಮಾರ್ಕೊ. ಆದರೆ ಅವನ ಬೆರಳು ಮೌಸಿನ ಪಕ್ಕದಲ್ಲೇ ಸುಳಿದಾಡುತ್ತಿತ್ತು.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಪರದೆಯ ಮೇಲೆ ಒಬ್ಬ ಪುಟ್ಟ ಮನುಷ್ಯ ಒಂದು ಗೆರೆಯ ಮೇಲೆ ಆಮೆಯ ಹಾಗೆ ನಡೆಯುತ್ತಿದ್ದ. ಅವನು ಗೆರೆಯ ಕೊನೆ ಮುಟ್ಟಿದಾಗ ಇವರ ಸರದಿ. ಮಾರ್ಕೊನ ಫೋನಿನಲ್ಲೂ ಅಂಥವನೇ ಒಬ್ಬ ಮನುಷ್ಯನಿದ್ದ. ಅವನು ಇನ್ನೂ ಹೊರಟೇ ಇರಲಿಲ್ಲ.

ಕೆನಡಾದ ಸಸ್ಕ್ಯಾಚುವಾನಿನಲ್ಲಿ ಏಪ್ರಿಲ್ ಅಂದರೆ ಹೆಸರಿಗಷ್ಟೇ ವಸಂತ. ಕಿಟಕಿಯ ಹೊರಗೆ ಹಿಮ ಇನ್ನೂ ಮೊಣಕಾಲೆತ್ತರ ಬಿದ್ದುಕೊಂಡಿತ್ತು. ಆದರೂ ಈ ದಿನ ಬೆಳಗ್ಗೆ ಊರಿಗೆ ಊರೇ ಕಂಪ್ಯೂಟರ್ ಮುಂದೆ ಕೂತಿರುತ್ತದೆ. ಬೇಸಿಗೆ ರಜೆಯಲ್ಲಿ ಕೆರೆಯ ಬಳಿ ಕ್ಯಾಂಪ್ ಹಾಕಲು ಜಾಗ ಹಿಡಿಯುವುದು ಇವತ್ತೇ. ಇವತ್ತು ತಪ್ಪಿದರೆ ಆಗಸ್ಟಿನಲ್ಲಿ ಹಿತ್ತಲಲ್ಲೇ ಟೆಂಟ್ ಹೊಡೆದು ಕೋಳಿಗಳ ಜೊತೆ ಮಲಗಬೇಕು.

ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಅಪ್ಪ ಲಾರಿ ತೆಗೆದುಕೊಂಡು ಹೊರಡುವಾಗ ಹೇಳಿದ್ದ: "ಹೆಸ್ರು, ವಿಳಾಸ ಎಲ್ಲ ತುಂಬ್ಸಿಟ್ಟಿದೀನಿ. ಜಾಗ ಒತ್ತೋದಷ್ಟೇ ಬಾಕಿ. ಈ ಸಲ ಆರಿಸೋದು ಡಾರ್ಕಾ. ಮಾರ್ಕೊ, ನೀನು ಬಾಯಿ ಮುಚ್ಕೊಂಡಿರ್ಬೇಕು."

ಡಾರ್ಕಾ ಯಾವ ಜಾಗ ಆರಿಸುತ್ತಾಳೆ ಅನ್ನುವುದು ಎಂದೋ ತೀರ್ಮಾನವಾಗಿತ್ತು. ನೀರಿನ ಪಕ್ಕದ್ದು! ಟೆಂಟಿನ ಬಾಗಿಲು ತೆಗೆದರೆ ಕೆರೆ ಕಾಣಬೇಕು. ಗೆಳತಿ ಟೆಸ್‌ಳ ಮನೆಯವರು ಯಾವಾಗಲೂ ಅಲ್ಲೇ ಇಳಿಯುತ್ತಾರೆ. ಅವಳ ಹತ್ತಿರ ಕೆಂಪು ಕಯಾಕ್ ದೋಣಿ ಬೇರೆ ಇದೆ. "ಈ ಸಲ ನಮ್ ಪಕ್ಕ ಬಂದ್ಬಿಡೇ, ಇಡೀ ದಿನ ದೋಣಿ ಆಡೋಣ," ಎಂದಿದ್ದಳು. ಡಾರ್ಕಾ ಪ್ರಾಮಿಸ್ ಮಾಡಿದ್ದಳು.

ಅವರ ಮನೆಯವರು ಪ್ರತಿ ವರ್ಷ ಹಿಡಿಯುತ್ತಿದ್ದ ಜಾಗವೋ, ದೇವರಿಗೇ ಪ್ರೀತಿ. ಹಿಂದಿನ ಸಾಲಿನ ಮೂಲೆ. ಮುಂದೆ ದಿಬ್ಬ, ಹಿಂದೆ ಪೋಪ್ಲರ್ ಮರಗಳು, ಪಕ್ಕಕ್ಕೆ ಕಸದ ತೊಟ್ಟಿ. ಕೆರೆ ಇದೆ ಅನ್ನುವುದು ಸೊಳ್ಳೆಗಳಿಂದಲೇ ಗೊತ್ತಾಗಬೇಕು. ಅಪ್ಪನ ಅಪ್ಪ, ಮನೆಯ ಉಕ್ರೇನಿ ಮಾತಿನಲ್ಲಿ ಗೀಡೊ, ಅದೇ ಜಾಗ ಬೇಕು ಅನ್ನುತ್ತಿದ್ದರು. ಯಾಕೆ ಎಂದು ಕೇಳಿದರೆ "ಅಲ್ಲಿ ಗಾಳಿ ಕಮ್ಮಿ" ಅನ್ನುತ್ತಿದ್ದರು.

ಅದರ ಪಕ್ಕದ ಜಾಗಕ್ಕೆ ಪ್ರತಿ ವರ್ಷ ಕಾರ್ನಿ ತಾತ ಬರುತ್ತಿದ್ದರು. ಸಂಜೆಯಾದರೆ ಇಬ್ಬರು ಮುದುಕರೂ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಾರ್ನಿ ತಾತ ಸೂರ್ಯಕಾಂತಿ ಬೀಜ ಕೊಡುತ್ತಿದ್ದರು, ಗೀಡೊ ಕುಬಾಸಾ ಸಾಸೇಜು ಸುಟ್ಟು ಕೊಡುತ್ತಿದ್ದರು. ಮಾತು ಮಾತ್ರ ಇಲ್ಲ. "ಗಾಳಿ ತಿರುಗ್ತಿದೆ," ಎಂದು ಒಬ್ಬರು ಹೇಳಿದರೆ, ಎಷ್ಟೋ ಹೊತ್ತಿನ ಮೇಲೆ ಇನ್ನೊಬ್ಬರು "ಹೂಂ" ಅನ್ನುತ್ತಿದ್ದರು. ಇದೂ ಒಂದು ಸ್ನೇಹವೇ ಎಂದು ಡಾರ್ಕಾಗೆ ನಗು ಬರುತ್ತಿತ್ತು.

"ಬಂತು! ಬಂತು!" ಮಾರ್ಕೊ ಕೂಗಿದ.

ಪರದೆಯ ತುಂಬ ಕ್ಯಾಂಪಿನ ನಕ್ಷೆ ತೆರೆದುಕೊಂಡಿತು. ಹಸಿರು ಚೌಕ ಅಂದರೆ ಖಾಲಿ ಜಾಗ, ಕೆಂಪು ಅಂದರೆ ಯಾರೋ ಹಿಡಿದ ಜಾಗ. ನೋಡನೋಡುತ್ತಲೇ ನೀರಿನ ಪಕ್ಕದ ಚೌಕಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಟೆಸ್‌ಳ ಜಾಗದ ಪಕ್ಕ ಒಂದೇ ಒಂದು ಹಸಿರು ಉಳಿದಿತ್ತು. ಡಾರ್ಕಾ ಉಸಿರು ಬಿಗಿಹಿಡಿದು ಒತ್ತಿದಳು.

'ಈ ಜಾಗವನ್ನು ನಿಮಗಾಗಿ ಸ್ವಲ್ಪ ಹೊತ್ತು ಕಾದಿರಿಸಿದೆ. ಒಪ್ಪಿಗೆ ಕೊಡಿ,' ಎಂದಿತು ಪರದೆ.

"ಸಿಕ್ತು!" ಅವಳು ಕುರ್ಚಿಯ ಮೇಲೆ ಹತ್ತಿ ಕುಣಿದಳು.

"ಪರವಾಗಿಲ್ಲ ಕಣೇ, ನಿನ್ ತಲೇಲೂ ಏನೋ ಇದೆ," ಎಂದ ಮಾರ್ಕೊ. ಅವನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಅಷ್ಟರಲ್ಲಿ ಗೀಡೊ ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದರು. "ಏನು ಗಲಾಟೆ? ಸಿಕ್ತಾ ಪುಟ್ಟಿ?"

"ನೀರಿನ ಪಕ್ಕದ್ದೇ ಸಿಕ್ತು ಗೀಡೊ!"

ಗೀಡೊ ಒಂದು ಕ್ಷಣ ಟೋಪಿ ಕೈಯಲ್ಲಿ ಹಿಡಿದು ನಿಂತರು. "ಒಳ್ಳೇದಾಯ್ತು. ಮಕ್ಕಳಿಗೆ ನೀರು ಬೇಕಪ್ಪ," ಎಂದರು.

ಕಾಫಿ ಬಗ್ಗಿಸಿಕೊಂಡು ಬಂದು ಅವರು ಲ್ಯಾಪ್‌ಟಾಪಿನ ಹತ್ತಿರವೇ ಕುರ್ಚಿ ಎಳೆದುಕೊಂಡರು. ಕನ್ನಡಕ ಹಾಕಿಕೊಂಡರು. "ಆ ಹಿಂದಿನ ಸಾಲು ಒಂಚೂರು ತೋರ್ಸು."

ಡಾರ್ಕಾ ನಕ್ಷೆ ಸರಿಸಿದಳು. ಮೂಲೆಯಲ್ಲಿ ಎರಡು ಚೌಕ, ಎರಡೂ ಹಸಿರು. ಗೀಡೊ ರೆಪ್ಪೆ ಮಿಟುಕಿಸದೆ ಅವನ್ನೇ ನೋಡುತ್ತ ಕೂತರು.

"ಗೀಡೊ, ಕಾಫಿ ಆರ್ತಿದೆ."

"ಆರ್ಲಿ ಬಿಡು."

ಮಾರ್ಕೊ ಡಾರ್ಕಾಳತ್ತ ನೋಡಿ ಹುಬ್ಬು ಹಾರಿಸಿದ. ಏನಾಗಿದೆ ಇವರಿಗೆ?

ಆಗ ಒಂದು ಚೌಕ ಕೆಂಪಾಯಿತು. ಗೀಡೊ ಎದೆಯಲ್ಲಿ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟರು. "ಇದಾನೆ!"

"ಯಾರು?"

"ಕಾರ್ನಿ. ಬದುಕಿದಾನೆ! ಹೋದ ಬೇಸಿಗೇಲಿ ಕೆಮ್ತಿದ್ದ ನೋಡು, ಈ ಚಳಿಗಾಲ ಕಳೀತಾನೋ ಇಲ್ವೋ ಅಂತಿದ್ದೆ."

"ಫೋನ್ ಮಾಡಿ ಕೇಳ್ಬಹುದಿತ್ತಲ್ಲ?" ಎಂದಳು ಡಾರ್ಕಾ.

"ನಂಬರ್ ಇಲ್ಲ."

"ಇಷ್ಟು ವರ್ಷ ಪಕ್ಕಪಕ್ಕ ಕೂತು ನಂಬರ್ ಕೇಳಿಲ್ವಾ?"

"ಯಾಕೆ ಕೇಳ್ಬೇಕು? ಪ್ರತಿ ವರ್ಷಾ ಬರ್ತಾನಲ್ಲ." ಗೀಡೊಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಅವ್ರ ಊರಾದ್ರೂ ಗೊತ್ತಾ?" ಎಂದ ಮಾರ್ಕೊ.

"ರಾಸ್ಥರ್ನ್ ಕಡೆ ಎಲ್ಲೋ. ಆ ಕಡೆ ಮನೆಮನೇಲೂ ಅದೇ ಹೆಸ್ರು, ಕಲ್ಲು ಎಸೆದ್ರೆ ಯಾರಾದ್ರೂ ಒಬ್ಬ ಕಾರ್ನಿ ತಲೆಗೇ ಬೀಳುತ್ತೆ."

"ಮತ್ತೆ ಇದು ಅವ್ರೇ ಅಂತ ಹೇಗೆ ಹೇಳ್ತೀಯ?"

"ಕಸದ ತೊಟ್ಟಿ ಪಕ್ಕ, ಕೆರೇನೂ ಕಾಣಲ್ಲ. ಬೇರೆ ಯಾವ ಪೆದ್ದ ಹಿಡೀತಾನೋ ಅದನ್ನ?" ಗೀಡೊ ಗಟ್ಟಿಯಾಗಿ ನಕ್ಕರು. ಆಮೇಲೆ ನಗು ಮೆಲ್ಲಗೆ ನಿಂತಿತು. "ಸಾಕು. ಇದಾನೆ, ಅಷ್ಟು ಸಾಕು," ಎಂದು ಎದ್ದು ಕಿಟಕಿಯ ಹತ್ತಿರ ಹೋದರು.

ಡಾರ್ಕಾ ಒಪ್ಪಿಗೆಯ ಗುಂಡಿ ಒತ್ತಲು ಹೊರಟವಳು ಕೈ ಹಿಂದೆಗೆದಳು. ಕೆಂಪು ಚೌಕದ ಪಕ್ಕದಲ್ಲಿ ತಾವು ಪ್ರತಿ ವರ್ಷ ಹಿಡಿಯುತ್ತಿದ್ದ ಚೌಕ ಇನ್ನೂ ಹಸಿರಾಗಿಯೇ ಇತ್ತು. ಈ ನಕ್ಷೆ ತಮಗೊಬ್ಬರಿಗೇ ಕಾಣುವುದಿಲ್ಲವಲ್ಲ! ಆ ಕಡೆಯೂ ಒಬ್ಬರು ಕನ್ನಡಕ ಹಾಕಿಕೊಂಡು ಕೂತಿರುತ್ತಾರೆ. ಅವರಿಗೆ ಕಾಣುತ್ತಿರುವುದು ಈ ಹಸಿರು.

"ಮಾರ್ಕೊ," ಅವಳು ಪಿಸುಗುಟ್ಟಿದಳು, "ನಿನ್ ಫೋನಲ್ಲಿ ಆ ಮೂಲೆ ಜಾಗ ಹಿಡಿಯೋಕಾಗುತ್ತಾ?"

"ನನ್ ಮನುಷ್ಯ ಇನ್ನೂ ಅರ್ಧ ದಾರೀಲೂ ಇಲ್ಲ. ಒಂದೇ ಸಲಕ್ಕೆ ಎರಡು ಕೊಡೋದೂ ಇಲ್ಲ ಕ್ಯಾಂಪಿನೋರು. ಕಾರ್ನಿ ತಾತ ಆಗಸ್ಟಲ್ಲಿ ಅಲ್ಲೇ ಇರ್ತಾರಲ್ಲ, ಗೀಡೊ ನಡ್ಕೊಂಡು ಹೋಗಿ ಮಾತಾಡಿಸಿದ್ರಾಯ್ತು."

ಹೌದಲ್ಲ, ಎಂದುಕೊಂಡಳು ಡಾರ್ಕಾ. ಆದರೆ ಆಗಸ್ಟಿಗೆ ಇನ್ನೂ ಎಷ್ಟು ದಿನ! ಹಿಮ ಕರಗಬೇಕು, ಬಿತ್ತನೆಯಾಗಬೇಕು, ಶಾಲೆ ಮುಗಿಯಬೇಕು. ಅಲ್ಲಿಯವರೆಗೆ ಕಾರ್ನಿ ತಾತ ಏನಂದುಕೊಂಡಿರುತ್ತಾರೆ? ಗೀಡೊ ಇಡೀ ಚಳಿಗಾಲ ಅಂದುಕೊಂಡದ್ದನ್ನೇ.

ಅವಳಿಗೆ ಟೆಸ್ ನೆನಪಾದಳು, ದೋಣಿ ನೆನಪಾಯಿತು. ಇದು ಅನ್ಯಾಯ. ಒಂದೇ ಒಂದು ಸಲ ತನಗೆ ಆರಿಸಲು ಬಿಟ್ಟಿದ್ದರು.

'ಬಿಟ್ಟುಬಿಡಿ' ಎಂಬ ಗುಂಡಿ ಒತ್ತಿದಳು.

"ಏಯ್ ಹುಚ್ಚೀ! ಏನ್ ಮಾಡ್ದೆ?"

ನೀರಿನ ಪಕ್ಕದ ಜಾಗ ಹಸಿರಾಯಿತು. ಮರುಕ್ಷಣವೇ ಯಾರೋ ಹಿಡಿದು ಕೆಂಪು ಮಾಡಿದರು. ಡಾರ್ಕಾ ಅದನ್ನು ನೋಡಲು ನಿಲ್ಲಲಿಲ್ಲ. ಮೂಲೆಯ ಚೌಕ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಎರಡೂ ಹೋದವೇನೋ! ಕೊನೆಗೂ ಚಕ್ರ ನಿಂತಿತು. ಒಪ್ಪಿಗೆ ಒತ್ತಿದಳು. ಚೌಕ ಕೆಂಪಾಯಿತು.

"ಟೆಸ್‌ಗೆ ಏನ್ ಹೇಳ್ತೀಯ ಈಗ?" ಮಾರ್ಕೊ ಇನ್ನೂ ತಲೆ ಹಿಡಿದುಕೊಂಡೇ ಇದ್ದ.

"ಸಿಟ್ಟಾಗ್ತಾಳೆ," ಎಂದಳು ಡಾರ್ಕಾ ಕಣ್ಣೊರೆಸಿಕೊಂಡು. "ಕೆರೆಗೆ ನಡ್ಕೊಂಡು ಹೋದ್ರಾಯ್ತು."

ಗೀಡೊ ಕಿಟಕಿ ಬಿಟ್ಟು ಬಂದು ಪರದೆಗೆ ಬಗ್ಗಿದರು. ಜೋಡಿ ಕೆಂಪು ಚೌಕಗಳನ್ನು ನೋಡಿದರು. ಆಮೇಲೆ ಡಾರ್ಕಾಳ ಮುಖ ನೋಡಿದರು. ಒರಟು ಕೈಯನ್ನು ಅವಳ ತಲೆಯ ಮೇಲಿಟ್ಟು ಹಾಗೇ ನಿಂತರು.

"ಗೀಡೊ, ಕಾರ್ನಿ ತಾತ ಈಗ ಏನ್ ಮಾಡ್ತಿರ್ತಾರೆ?"

"ನಂಗೆ ಬೈತಿರ್ತಾನೆ. ಈ ಮುದಿಗೂಬೆ ಯಾಕೆ ಇಷ್ಟು ಲೇಟ್ ಮಾಡ್ದ ಅಂತ," ಎಂದರು ಗೀಡೊ.

ಎಲ್ಲೋ ದೂರದ ಅಡುಗೆಮನೆಯಲ್ಲಿ ಒಬ್ಬ ಮುದುಕ ಬಾಯ್ತುಂಬ ಬೈಯುತ್ತಿರುವುದು, ಇವರಿಗೇನಾಯಿತಪ್ಪ ಎಂದು ಮನೆಯವರೆಲ್ಲ ತಿರುಗಿ ನೋಡುತ್ತಿರುವುದು ಡಾರ್ಕಾಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೆಲಸ ಮುಗಿದಿದ್ದರೂ ಅವಳು ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಕಾರ್ನಿ ತಾತ ಇನ್ನೂ ನೋಡುತ್ತಿರಬಹುದು.