ಅಟಾಕ್ರೋಮಿಗೆ ಬರುವ ಪುಸ್ತಕದ ವ್ಯಾನು

“ಬರ್ಕೊಂಡು ಬನ್ನಿ, ಅಜ್ಜಿ. ಬರ್ದಿರೋ ಅರ್ಜಿ ಇಲ್ದೆ ನಾನೇನೂ ಮಾಡೋಕಾಗಲ್ಲ,” ಎಂದರು ಜಿಲ್ಲಾ ಕಚೇರಿಯ ಮಾಹಿತಿ ಅಧಿಕಾರಿ ಮಿಸ್ಟರ್ ಓಟೂ.

ಎಕುವಾಳ ಅಜ್ಜಿ ನಾನಾ ಬೊಟ್ವೆ ಕುರ್ಚಿಯಿಂದ ಅಲ್ಲಾಡಲಿಲ್ಲ. ಬೆಳಿಗ್ಗೆ ಎದ್ದು ಜೋಳದ ಹಿಟ್ಟನ್ನು ಬಾಳೆಯೆಲೆಯಲ್ಲಿ ಕಟ್ಟಿ, ಕೆಂಕಿ ಕಡುಬು ಬೇಯಿಸಿ, ಅರ್ಧ ಬುಟ್ಟಿ ಮಾರಿ, ಉಳಿದದ್ದನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಟ್ರೋಟ್ರೋ ಮಿನಿಬಸ್ಸು ಹತ್ತಿ ಹದಿನೆಂಟು ಕಿಲೋಮೀಟರ್ ಬಂದಿದ್ದಳು. ಅಷ್ಟು ಸುಲಭಕ್ಕೆ ಏಳುವವಳಲ್ಲ.

ಎಕುವಾ ನೆಲ ನೋಡುತ್ತಿದ್ದಳು. ನೆಲದ ಮೇಲೆ ಹನ್ನೆರಡು ಟೈಲ್ಸ್ ಒಡೆದಿದ್ದವು. ಮೂರು ಸಲ ಎಣಿಸಿಯಾಗಿತ್ತು. ಬಾಯಿ ಬಿಡಬೇಕಾದ ಕಡೆಯಲ್ಲೆಲ್ಲ ಅವಳಿಗೆ ಎಣಿಸಲು ಏನಾದರೂ ಸಿಕ್ಕಿಬಿಡುತ್ತಿತ್ತು.

ಆದರೆ ಈಗ ಒಂದು ಮಾತು ಅವಳ ಗಂಟಲಲ್ಲಿ ಬಂದು ಕೂತಿತ್ತು. ಹೋದ ತಿಂಗಳು ಶಾಲೆಯ ಬೋರ್ಡಿನ ಮೇಲೆ ಮಾಹಿತಿ ಹಕ್ಕಿನ ಆರು ಸಾಲು ಬರೆಯುವ ಕೆಲಸವನ್ನು ಮೇಡಂ ಅವಳಿಗೇ ಕೊಟ್ಟಿದ್ದರು. ಆರನೇ ಕ್ಲಾಸಿನಲ್ಲಿ ಅವಳಷ್ಟು ಮುದ್ದಾದ ಅಕ್ಷರ ಯಾರದೂ ಇರಲಿಲ್ಲ. ಐದನೆಯ ಸಾಲು ಉದ್ದ. ಬೋರ್ಡಿನಲ್ಲಿ ಹಿಡಿಸದೆ ಎರಡು ಸಲ ಒರೆಸಿ ಬರೆದಿದ್ದಳು. ಹಾಗಾಗಿ ಅದೊಂದು ಬಾಯಿಪಾಠವಾಗಿತ್ತು.

“ಪ್ಲೀಸ್ ಸರ್,” ಎಂದಳು, ಟೈಲ್ಸಿನ ಜೊತೆ ಮಾತಾಡುವವಳ ಹಾಗೆ. “ಬರೆಯೋಕೆ ಬಾರದವರು ಬಾಯಲ್ಲೇ ಕೇಳಬಹುದು. ಆಫೀಸರು ಅದನ್ನ ಬರ್ಕೊಂಡು, ಅವರಿಗೆ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸ್ಕೋಬೇಕು. ಐದನೇ ಸಾಲು.”

“ಯಾವುದರ ಐದನೇ ಸಾಲು?”

“ನಮ್ಮ ಬೋರ್ಡಿಂದು.”

ಮಿಸ್ಟರ್ ಓಟೂ ಈ ಕುರ್ಚಿಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಡ್ರಾಯರ್ ಎಳೆದು ಒಂದು ಸಣ್ಣ ಪುಸ್ತಕ ತೆಗೆದರು. ಪುಟ ತಿರುಗಿಸಿದರು. ಒಂದು ಕಡೆ ಬೆರಳಿಟ್ಟು ಓದಿದರು, ಮತ್ತೆ ಓದಿದರು. ಆಮೇಲೆ ಪೆನ್ನಿನ ಕ್ಯಾಪ್ ತೆಗೆದರು.

“ಈ ತಿಂಗಳಿಗೆ ಇಷ್ಟೇ ಅವಳ ಮಾತು,” ಎಂದಳು ನಾನಾ. “ಇನ್ನು ನಂದು ಬರ್ಕೊಳ್ಳಿ.”

ವಿಷಯ ಇಷ್ಟೇ. ಅವರ ಊರು ಅಟಾಕ್ರೋಮಿಗೆ ಗುರುವಾರ ಬಿಟ್ಟು ಗುರುವಾರ ಪುಸ್ತಕದ ವ್ಯಾನು ಬರುತ್ತಿತ್ತು. ಮಾರ್ಚಿನಲ್ಲಿ ಹಳೆಯ ಡ್ರೈವರು ನಿವೃತ್ತರಾದರು. ಆಮೇಲೆ ವ್ಯಾನು ಬರಲೇ ಇಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು, ಜೂನ್ ಹೋಯಿತು. ಎಕುವಾಳ ಹತ್ತಿರ ‘ಕಡಲಿಗೆ ಹೊರಟ ಕೋಳಿ’ ಎಂಬ ಕತೆಯ ಮೊದಲ ಭಾಗ ಉಳಿದುಬಿಟ್ಟಿತ್ತು. ಕೋಳಿ ದೋಣಿ ಹತ್ತಿ, ನಡುನೀರಿಗೆ ಹೋಗಿ, ಹುಟ್ಟು ಮುರಿದುಕೊಳ್ಳುವಲ್ಲಿಗೆ ಆ ಭಾಗ ಮುಗಿಯುತ್ತದೆ. ಎಕುವಾ ಅದನ್ನು ಹನ್ನೊಂದು ಸಲ ಓದಿದ್ದಳು. ಹನ್ನೊಂದು ಸಲವೂ ಹುಟ್ಟು ಮುರಿದಿತ್ತು. ಎರಡನೆಯ ಭಾಗ ವ್ಯಾನಿನಲ್ಲಿತ್ತು.

ಮೇಡಂ ಒಂದು ಪತ್ರ ಬರೆದು, ವ್ಯಾನು ಏಕೆ ಬರುತ್ತಿಲ್ಲವೆಂದು ಕೇಳಿದ್ದರು. ಒಂದೇ ಸಾಲಿನ ಉತ್ತರ ಬಂದಿತ್ತು: ವ್ಯಾನು ಗುರುವಾರ ಬಿಟ್ಟು ಗುರುವಾರ ಅಟಾಕ್ರೋಮಿಗೆ ತಪ್ಪದೆ ಹೋಗುತ್ತಿದೆ.

ಅದನ್ನು ಕೇಳಿ ಊರಿನವರೆಲ್ಲ ಸಿಟ್ಟಾದರು. ನಾನಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಕ್ಕು ಮುಗಿಸಿ, ಬುಧವಾರ ಪೇಟೆಗೆ ಹೋಗೋಣ ಅಂದಿದ್ದಳು.

ಈಗ ನಾನಾ ಮೊದಲು ಮಿಸ್ಟರ್ ಓಟೂ ಅವರ ತಾಯಿಯ ಆರೋಗ್ಯ ವಿಚಾರಿಸಿದಳು. ತನ್ನ ಗಂಡ ಸರ್ಕಾರಿ ಲಾರಿ ಓಡಿಸುತ್ತಿದ್ದ ಕಾಲದ ರಸ್ತೆಗಳ ಬಗ್ಗೆ ಹೇಳಿದಳು. ಅಲ್ಲಿಂದ ವ್ಯಾನಿಗೆ ಬಂದಳು. ಅವರು ಎಲ್ಲ ಕೇಳಿಸಿಕೊಂಡು ನಾಲ್ಕು ಸಾಲು ಬರೆದು ಓದಿದರು.

“ಅಟಾಕ್ರೋಮಿನ ವೃದ್ಧೆಯೊಬ್ಬರು, ಪುಸ್ತಕದ ವ್ಯಾನು ಏಕೆ ಬರುತ್ತಿಲ್ಲವೆಂದು—”

“ಯಾರು ವೃದ್ಧೆ?”

ಅವರು ಆ ಪದ ಹೊಡೆದು ‘ಮಹಿಳೆ’ ಎಂದು ಬರೆದರು.

“ಏಕೆ ಅಂತಾನೂ ನಾನು ಕೇಳಿಲ್ಲ,” ಎಂದಳು ನಾನಾ. “ಏಕೆ ಅಂತ ಕೇಳಿದ್ರೆ ನೀವು ನಿಮಗೆ ತೋಚಿದ್ದು ಹೇಳ್ತೀರಿ. ನಾನು ಕೇಳಿದ್ದು ಲಾಗ್ ಬುಕ್ಕು. ಗಾಡಿ ಯಾವತ್ತು ಎಲ್ಲಿಗೆ ಹೋಯ್ತು, ಹೊರಟಾಗ ಮೀಟರ್ ಎಷ್ಟಿತ್ತು, ವಾಪಸ್ ಬಂದಾಗ ಎಷ್ಟಿತ್ತು ಅಂತ ಡ್ರೈವರ್ ಬರೀತಾನಲ್ಲ, ಅದು. ನನ್ನ ಗಂಡ ಊಟ ಬಿಟ್ರೂ ಅದನ್ನ ಬರೆಯೋದು ಬಿಡ್ತಿರಲಿಲ್ಲ. ಫೆಬ್ರವರಿಯಿಂದ ಇವತ್ತಿನವರೆಗಿನ ಪುಟಗಳು ಬೇಕು.”

ಮಿಸ್ಟರ್ ಓಟೂ ಆ ಹಾಳೆ ಮಡಿಸಿಟ್ಟು ಹೊಸ ಹಾಳೆ ತೆಗೆದರು. ಮೂರನೆಯ ಸಲ ಓದಿದಾಗ ನಾನಾ ಕಣ್ಣು ಮುಚ್ಚಿಕೊಂಡು ಕೇಳಿದಳು, ಚರ್ಚಿನಲ್ಲಿ ಕೇಳುವ ಹಾಗೆ. ಆಮೇಲೆ ಹೆಬ್ಬೆರಳು ಚಾಚಿದಳು. ಹದಿನಾಲ್ಕು ದಿನದೊಳಗೆ ಉತ್ತರ ಕೊಡುವುದಾಗಿ ಅವರು ಹೇಳಿದರು.

ಮನೆಗೆ ಬಂದು ನಾನಾ ಬಟ್ಟಲಿನಲ್ಲಿ ಹದಿನಾಲ್ಕು ಜೋಳದ ಕಾಳು ಹಾಕಿಟ್ಟಳು. ದಿನಕ್ಕೊಂದು ಕಾಳು ಕೋಳಿಗೆ. ಒಂಬತ್ತನೆಯ ದಿನ ಕೋಳಿ ಬಟ್ಟಲಿಗೇ ಬಾಯಿ ಹಾಕಿ ಉಳಿದಿದ್ದನ್ನೆಲ್ಲ ನುಂಗಿಬಿಟ್ಟಿತು.

“ಹಾಗಾದ್ರೆ ಇವತ್ತೇ ಬರುತ್ತೆ,” ಎಂದಳು ನಾನಾ.

ಅವತ್ತು ಬರಲಿಲ್ಲ. ಮಾರನೆಯ ದಿನ ಟ್ರೋಟ್ರೋದ ಕಂಡಕ್ಟರ್ ಒಂದು ಕಂದು ಲಕೋಟೆ ತಂದುಕೊಟ್ಟ. ಒಳಗೆ ಲಾಗ್ ಬುಕ್ಕಿನ ಜೆರಾಕ್ಸ್ ಪುಟಗಳಿದ್ದವು. ಎಕುವಾ ಒಲೆಯ ಪಕ್ಕ ಕೂತು ಓದತೊಡಗಿದಳು. ಅವಳ ದನಿ ಸಣ್ಣಗಾಗುತ್ತಾ ಹೋಯಿತು. ಏಪ್ರಿಲ್, ಗುರುವಾರ, ಅಟಾಕ್ರೋಮ್. ಮತ್ತೊಂದು ಗುರುವಾರ, ಅಟಾಕ್ರೋಮ್. ಮೇ, ಅಟಾಕ್ರೋಮ್. ಜೂನ್, ಅಟಾಕ್ರೋಮ್. ಒಂದು ಸರದಿಯೂ ತಪ್ಪಿರಲಿಲ್ಲ.

“ಸುಳ್ಳು ಬರ್ದಿದಾರೆ, ನಾನಾ,” ಎಂದಳು. ಅವಳ ಕಣ್ಣು ತುಂಬಿತ್ತು. ಬರೆದ ಕಾಗದವೂ ಸುಳ್ಳು ಹೇಳಿದರೆ ಇನ್ನೇನು ಕೇಳುವುದು?

“ಊರಿನ ಹೆಸರು ಯಾರು ಬೇಕಾದ್ರೂ ಬರೀತಾರೆ. ಮೀಟರ್ ಓದು,” ಎಂದಳು ನಾನಾ.

ಎಕುವಾ ಮೂಗೊರೆಸಿಕೊಂಡು, ಒಂದು ಇದ್ದಿಲು ತೆಗೆದು ನೆಲದ ಮೇಲೆ ಕಳೆಯುವ ಲೆಕ್ಕ ಮಾಡಿದಳು. ಫೆಬ್ರವರಿಯಲ್ಲಿ ಹೊರಟಾಗ 61204, ವಾಪಸ್ ಬಂದಾಗ 61240. ಮೂವತ್ತಾರು. ಅದು ಸರಿ. ಹೋಗುವುದು ಹದಿನೆಂಟು, ಬರುವುದು ಹದಿನೆಂಟು. ಏಪ್ರಿಲ್‌ನದು ಕಳೆದಳು. ಎಂಬತ್ತಾರು ಬಂತು. ತಪ್ಪಾಯಿತೆಂದು ಅಳಿಸಿ ಮತ್ತೆ ಮಾಡಿದಳು. ಎಂಬತ್ತಾರೇ. ಮುಂದಿನದೂ ಎಂಬತ್ತಾರು. ಅದರ ಮುಂದಿನದೂ.

“ನಾನಾ, ಏಪ್ರಿಲ್ ಆದ್ಮೇಲೆ ನಮ್ಮೂರು ದೂರ ಹೋಗಿದೆ.”

“ಎಷ್ಟು ದೂರ?”

“ನಲವತ್ಮೂರು ಕಿಲೋಮೀಟರ್.”

ನಾನಾ ಕೈಯಲ್ಲಿದ್ದ ಹಿಟ್ಟಿನ ಸೌಟು ಕೆಳಗಿಟ್ಟಳು. ಯಾರೋ ನಮ್ಮ ವ್ಯಾನಿನಲ್ಲಿ ಬಾಳೆಕಾಯಿ ಸಾಗಿಸುತ್ತಿದ್ದಾರೆ ಎಂಬುದು ಅವಳ ತೀರ್ಮಾನ. ಟ್ರೋಟ್ರೋದಲ್ಲಿ ಪೇಟೆ ಮುಟ್ಟುವವರೆಗೂ ಎಲ್ಲರಿಗೂ ಅದನ್ನೇ ಹೇಳಿದಳು.

ಮಿಸ್ಟರ್ ಓಟೂ ಇದ್ದಿಲಿನ ಲೆಕ್ಕವನ್ನು ತಾವೂ ಪೆನ್ನಿನಲ್ಲಿ ಮಾಡಿ ನೋಡಿ, ಹೊಸ ಡ್ರೈವರನ್ನು ಕರೆಸಿದರು. ಅವನ ಹೆಸರು ಇದ್ರಿಸು. ಉತ್ತರದ ಕಡೆಯವನು, ಉದ್ದಕ್ಕೆ ತೆಳ್ಳಗೆ ಇದ್ದ. ಒಳಗೆ ಬರುವಾಗಲೇ ಟೋಪಿ ತೆಗೆದು ಎದೆಗೆ ಹಿಡಿದಿದ್ದ.

“ನಾನು ಒಂದು ಗುರುವಾರಾನೂ ತಪ್ಪಿಸಿಲ್ಲ,” ಎಂದ. “ಶಾಲೆ ಮುಂದೆ ದೊಡ್ಡ ಮಾವಿನಮರದ ಕೆಳಗೆ ನಿಲ್ಲಿಸ್ತೀನಿ.”

“ನಮ್ಮೂರಿನ ಮಾವಿನಮರ ಬಿದ್ದು ಮೂರು ವರ್ಷ ಆಯ್ತು,” ಎಂದಳು ನಾನಾ.

“ನೀಲಿ ಬಾಗಿಲಿನ ಚರ್ಚಿನ ಎದುರಿಗೆ.”

“ನಮ್ಮ ಚರ್ಚಿಗೆ ಬಾಗಿಲೇ ಇಲ್ಲ. ಪಾದ್ರಿಗಿಂತ ಮೊದಲು ಆಡು ಒಳಗೆ ಹೋಗಿರುತ್ತೆ.”

ಎಲ್ಲರೂ ಗೋಡೆಯ ಮೇಲಿನ ಜಿಲ್ಲೆಯ ನಕ್ಷೆಯ ಹತ್ತಿರ ಹೋದರು. ಇದ್ರಿಸು ತನ್ನ ಅಟಾಕ್ರೋಮಿನ ಮೇಲೆ ಬೆರಳಿಟ್ಟ. ಗುಡ್ಡದ ಆಚೆ, ನದಿಯ ಪಕ್ಕ. ಎಕುವಾ ತನ್ನ ಅಟಾಕ್ರೋಮಿನ ಮೇಲೆ ಬೆರಳಿಟ್ಟಳು. ಗುಡ್ಡದ ಈಚೆ, ರಸ್ತೆಯ ಪಕ್ಕ. ಎರಡು ಬೆರಳಿನ ನಡುವೆ ಒಂದು ಗೇಣು ಅಂತರವಿತ್ತು.

ಮೊದಲು ನಕ್ಕವರು ಮಿಸ್ಟರ್ ಓಟೂ. ನಾನಾ ನಗುವುದಕ್ಕೆ ಕುರ್ಚಿ ಹುಡುಕಿ ಕೂತಳು. ಅಟಾ ಅಂದರೆ ಅವಳಿ, ಕ್ರೋಮ್ ಅಂದರೆ ಊರು. ತಮ್ಮನ ಜೊತೆ ಜಗಳ ಮಾಡಿಕೊಂಡ ಅವಳಿ ಅಣ್ಣಂದಿರೆಲ್ಲ ಗುಡ್ಡ ದಾಟಿ ಒಂದೊಂದು ಊರು ಕಟ್ಟಿದ್ದಾರೆ, ಪುಣ್ಯಕ್ಕೆ ಎರಡೇ ಸಿಕ್ಕಿತು ಎಂದಳು. ವ್ಯಾನು ಹೋಗಬೇಕಾದ ಊರುಗಳ ಪಟ್ಟಿಯಲ್ಲಿದ್ದದ್ದು ರಸ್ತೆಯ ಪಕ್ಕದ ಅಟಾಕ್ರೋಮ್. ಈ ಗುರುವಾರದಿಂದಲೇ ಅಲ್ಲಿಗೆ ಹೋಗಬೇಕೆಂದು ಮಿಸ್ಟರ್ ಓಟೂ ಹೇಳಿದರು.

ಇದ್ರಿಸು ಮಾತ್ರ ನಗಲಿಲ್ಲ. ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

“ಅಲ್ಲಿ ಮಕ್ಕಳು ಸೇತುವೆವರೆಗೂ ಓಡಿ ಬರ್ತಾವೆ,” ಎಂದ.

ಗುರುವಾರ ವ್ಯಾನು ಬಂತು. ಹುಡುಗರು ಹಾರ್ನ್ ಹೊಡೆಯಲು ಜಗಳವಾಡಿದರು. ನಾನಾ ಇದ್ರಿಸುವನ್ನು ಕೂರಿಸಿ ಕೆಂಕಿ, ಹುರಿದ ಮೀನು, ಖಾರ ಬಡಿಸಿದಳು. ಎಕುವಾ ಎರಡನೆಯ ಭಾಗವನ್ನು ಕಪಾಟಿನ ಕೆಳಗಿನ ಸಾಲಿನಲ್ಲಿ ಹುಡುಕಿಕೊಂಡು, ಯಾರ ಜೊತೆಗೂ ಮಾತಾಡದೆ ನೀರಿನ ಟ್ಯಾಂಕಿನ ನೆರಳಿಗೆ ಹೋದಳು.

ಕೋಳಿ ಬದುಕಿತ್ತು. ರೆಕ್ಕೆಯನ್ನೇ ಹುಟ್ಟು ಮಾಡಿಕೊಂಡಿತ್ತು.

ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೊನೆಯ ಪುಟದ ಹಿಂದೆ, ಪುಸ್ತಕ ತೆಗೆದುಕೊಂಡವರ ಹೆಸರು ಬರೆಯುವ ಚೀಟಿ ಅಂಟಿಸಿದ್ದರು. ಏಪ್ರಿಲ್, ಮಾನ್ಸಾ. ಮೇ, ಮಾನ್ಸಾ. ಮತ್ತೆ ಮೇ, ಮಾನ್ಸಾ. ಜೂನ್, ಮಾನ್ಸಾ. ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ದಪ್ಪ ಅಕ್ಷರದ ಒಂದು ಸಾಲು ಇತ್ತು.

‘ಈ ಕೋಳಿ ದೋಣಿ ಹತ್ತಿದ್ದು ಹೇಗೆ? ಮೊದಲ ಭಾಗ ಯಾರ ಹತ್ತಿರ ಇದೆ?’

ಎಕುವಾ ಆ ಸಾಲನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅದರ ಕೆಳಗೆ ತನ್ನ ಮುದ್ದಾದ ಅಕ್ಷರದಲ್ಲಿ ಎರಡೇ ಪದ ಬರೆದಳು: ‘ನನ್ನ ಹತ್ತಿರ.’

ಮಾರನೆಯ ದಿನ ಬಾಳೆಯೆಲೆ ಒರೆಸುತ್ತಾ ಕೇಳಿದಳು, ಗುಡ್ಡದಾಚೆಯ ಅಟಾಕ್ರೋಮಿಗೆ ಇನ್ನು ವ್ಯಾನು ಯಾವಾಗ ಹೋಗುತ್ತದೆ ಎಂದು.

“ಯಾಕೆ ಹೋಗುತ್ತೆ? ಪಟ್ಟಿಯಲ್ಲಿರೋದು ನಮ್ಮೂರು ಒಂದೇ.”

ಎಕುವಾ ಇನ್ನೂ ನಾಲ್ಕು ಎಲೆ ಒರೆಸಿದಳು.

“ಆ ಪಟ್ಟಿ ಒಂದು ಕಾಗದ ತಾನೆ, ನಾನಾ?”

ನಾನಾ ಹಿಟ್ಟು ಕಲಸುವುದನ್ನು ನಿಲ್ಲಿಸಿ ಮೊಮ್ಮಗಳನ್ನು ನೋಡಿದಳು. “ಬುಧವಾರ ಬೇಗ ಏಳು,” ಎಂದಳು.

ಬುಧವಾರ ಅಜ್ಜಿ ಮೊಮ್ಮಗಳನ್ನು ಕಂಡೊಡನೆ ಮಿಸ್ಟರ್ ಓಟೂ ಪೆನ್ನಿನ ಕ್ಯಾಪ್ ತೆಗೆದು ನಾನಾಳ ಕಡೆ ನೋಡಿದರು. ನಾನಾ ತಲೆಯ ಮೇಲಿನ ಫ್ಯಾನು ನೋಡುತ್ತಾ ಕೂತಿದ್ದಳು. ಎಕುವಾ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಚೀಲದಲ್ಲಿ ಕೋಳಿಯ ಕತೆಯ ಎರಡೂ ಭಾಗಗಳಿದ್ದವು.

“ಪ್ಲೀಸ್ ಸರ್, ಓದಿ ಹೇಳಿ.”

“ಇದು ನೀನೇ ಬರ್ದಿರೋದಲ್ವೇನಮ್ಮಾ?”

“ಹೌದು. ಆದ್ರೂ ಕೇಳ್ಬೇಕು.”

ಅವರು ಗಂಟಲು ಸರಿಮಾಡಿಕೊಂಡು ಓದಿದರು. ಪುಸ್ತಕದ ವ್ಯಾನು ಹೋಗಬೇಕಾದ ಊರುಗಳ ಪಟ್ಟಿಯ ಪ್ರತಿ ಬೇಕು. ಆ ಪಟ್ಟಿಗೆ ಹೊಸ ಊರು ಸೇರಿಸುವುದು ಹೇಗೆ ಎಂದು ಬರೆದಿರುವ ಕಾಗದದ ಪ್ರತಿಯೂ ಬೇಕು. ಎಲ್ಲಿಯೂ ‘ಏಕೆ’ ಎಂಬ ಪದ ಇರಲಿಲ್ಲ. ಕೊನೆಯ ಸಾಲಿಗೆ ಬಂದು ನಿಂತರು.

“ಎಕುವಾ, ಅಟಾಕ್ರೋಮ್,” ಎಂದು ಓದಿ ತಲೆಯೆತ್ತಿದರು. “ಈ ಸಲ ತಪ್ಪಾಗ್ಬಾರದು. ಯಾವ ಅಟಾಕ್ರೋಮ್ ಅಂತ ಬರ್ಕೊಳ್ಳಲಿ?”

ಎಕುವಾ ಟೈಲ್ಸ್ ಎಣಿಸಲಿಲ್ಲ. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅವರ ಮುಖವನ್ನೇ ನೋಡಿದಳು.

“ಎರಡೂ,” ಎಂದಳು.